ಒಂದು ಮನೆ, ಐವತ್ತು ಯಜಮಾನರು

ಈ ಸಲದ ಕಥೆ ವೆಸ್ಟ್‌ಮೀಡ್‌ನ ನಮ್ಮ ಅಡುಗೆಮನೆಯಲ್ಲೇ ಶುರುವಾಗುತ್ತೆ. ಹೋದ ವರ್ಷ ಊರಿಂದ ಅಪ್ಪ ಅಮ್ಮ ಬಂದಿದ್ದರು. ಜುಲೈ ರಜೆಯಲ್ಲಿ ಅವರನ್ನು ಸಮುದ್ರದ ಕಡೆ ಕರಕೊಂಡು ಹೋಗೋಣ ಅಂದ್ರೆ, ಆರು ಜನಕ್ಕೆ ಸಾಲುವ ಮನೆಗಳ ಬಾಡಿಗೆ ನೋಡಿಯೇ ಸುಸ್ತಾದೆ. ಆಗ ನಮ್ಮ ಬಿಲ್ಡಿಂಗಿನಲ್ಲೇ ಇರುವ ಆಂಟಿಯೊಬ್ಬರು ಕಾಫಿ ಲೋಟ ಕೆಳಗಿಟ್ಟು, “ನಮ್ಮ ಪೋರ್ಟ್ ಸ್ಟೀಫನ್ಸ್ ವಾರ ಈ ಸಲ ಸುಮ್ಮನೆ ಖಾಲಿ ಹೋಗತ್ತೆ ಕಣಪ್ಪ. ನೀವು ಹೋಗಿಬನ್ನಿ. ಲೆವಿ ದುಡ್ಡು ಬಂದ್ರೆ ಸಾಕು ನಂಗೆ” ಅಂದರು.

ಮನೆ ನಮ್ಮದು, ಸೈಟು ನಮ್ಮದು ಅಂತ ಕೇಳಿದ್ದೇವೆ. ವಾರ ನಮ್ಮದಾಗೋದು ಹೇಗೆ?

ಸರದಿ ಅನ್ನೋದು ನಮಗೆ ಹೊಸದಲ್ಲ. ಉಡುಪಿಯ ಕೃಷ್ಣನ ಪೂಜೆಯನ್ನು ಎಂಟು ಮಠಗಳು ಸರದಿಯ ಮೇಲೆ ನಡೆಸುತ್ತವೆ, ಅದೇ ಪರ್ಯಾಯ. ಮೊದಲು ಒಂದೊಂದು ಮಠಕ್ಕೆ ಎರಡೆರಡು ತಿಂಗಳಿತ್ತು, 16ನೇ ಶತಮಾನದಲ್ಲಿ ವಾದಿರಾಜರು ಅದನ್ನು ಎರಡು ವರ್ಷ ಮಾಡಿದರು. ಆದರೆ ಅಲ್ಲಿ ಸರದಿ ಅಂದರೆ ಹೊಣೆ, ಮಾರುವ ಸರಕಲ್ಲ. ಸರದಿಗೇ ಬೆಲೆ ಕಟ್ಟಿ ಮಾರುವ ವ್ಯಾಪಾರ ಬೆಳೆದದ್ದು ಯುರೋಪಿನಲ್ಲಿ.

ಅದಕ್ಕೂ ಮುಂಚೆ ಸಿಡ್ನಿಯ ಒಂದು ಮಾತು. ವೆಸ್ಟ್‌ಮೀಡ್‌ನಲ್ಲಿ ಫ್ಲ್ಯಾಟ್ ಕೊಂಡವರಿಗೆ ಸ್ಟ್ರಾಟಾ ಲೆವಿ ಗೊತ್ತೇ ಇರುತ್ತೆ. ಕಟ್ಟಡವನ್ನು ಮಹಡಿ ಮಹಡಿಯಾಗಿ ಕತ್ತರಿಸಿ, ಗಾಳಿಯಲ್ಲಿ ನಿಂತ ಮೂರು ರೂಮಿಗೂ ಹಕ್ಕುಪತ್ರ ಕೊಡುವ ಕಾನೂನನ್ನು ನ್ಯೂ ಸೌತ್ ವೇಲ್ಸ್ ತಂದದ್ದು 1961ರಲ್ಲಿ. ಸಿಂಗಾಪುರವೂ ಆಮೇಲೆ ಇದೇ ಮಾದರಿ ಹಿಡಿಯಿತು. ಇಲ್ಲಿ ಜಾಗವನ್ನು ಕತ್ತರಿಸಿದ ಎರಡೇ ವರ್ಷಕ್ಕೆ, 1963ರಲ್ಲಿ, ಸ್ವಿಟ್ಜರ್‌ಲೆಂಡಿನಲ್ಲಿ ಹಾಪಿಮಾಗ್ ಅನ್ನೋ ಕಂಪನಿ ಹುಟ್ಟಿತು. ಅದರ ಷೇರು ಕೊಂಡವರಿಗೆ ಕಂಪನಿಯ ರಜಾ ಮನೆಗಳಲ್ಲಿ ಇರುವ ಹಕ್ಕು. 1967ರಲ್ಲಿ ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳ ಸೂಪರ್‌ದೆವೊಲುಯಿ ಎಂಬ ಸ್ಕೀ ಊರಿನಲ್ಲಿ, ಪ್ರತಿವರ್ಷ ಇಂತಿಷ್ಟು ದಿನ ಉಳಿಯುವ ಹಕ್ಕನ್ನೇ ಮಾರಿದರು. ಜಾಗದ ಜೊತೆ ಕಾಲವನ್ನೂ ಕತ್ತರಿಸಿದ್ದಾಯಿತು.

ಇದು ದೊಡ್ಡ ವ್ಯಾಪಾರ ಆದದ್ದು ಅಮೆರಿಕದಲ್ಲಿ, ಅದೂ ಕಷ್ಟಕಾಲದಲ್ಲಿ. 1973ರ ತೈಲ ಬಿಕ್ಕಟ್ಟಿನ ನಂತರ ಫ್ಲಾರಿಡಾದಲ್ಲಿ ಕಟ್ಟಿದ ಫ್ಲ್ಯಾಟುಗಳು ಮಾರಾಟವಾಗದೆ ಬಿದ್ದಿದ್ದವು. ಇಡೀ ಮನೆ ಕೊಳ್ಳುವವರಿಲ್ಲ, ಸರಿ, ಒಂದು ವಾರ ಕೊಳ್ಳುವವರು ಇರಬಹುದಲ್ಲ? ನನ್ನ ಕೆಲಸವೇ ಅಂಕಿ-ಅಂಶ, ಹಾಗಾಗಿ ಒಂದು ಲೆಕ್ಕ ಸಹಿಸಿಕೊಳ್ಳಿ. ಫ್ಲ್ಯಾಟಿನ ಬೆಲೆ 50 ಸಾವಿರ ಡಾಲರ್ ಅಂತಿಟ್ಟುಕೊಳ್ಳಿ. ರಿಪೇರಿಗೆ ಎರಡು ವಾರ ಬಿಟ್ಟು, ಉಳಿದ 50 ವಾರಗಳನ್ನು ತಲಾ 3 ಸಾವಿರಕ್ಕೆ ಮಾರಿದರೆ ಒಂದೂವರೆ ಲಕ್ಷ! ಮೇಲಿನ ಒಂದು ಲಕ್ಷದಲ್ಲಿ ಬಹುಪಾಲು ಹೋಗುವುದು ಮಾರುವ ಖರ್ಚಿಗೆ: ಜಾಹೀರಾತು, ಗಿಫ್ಟ್ ವೋಚರ್, ಕಮಿಷನ್. ಕೊಂಡವರು ನಾಳೆ ಮಾರಲು ಹೋದರೆ ಆ ಭಾಗಕ್ಕೆ ಯಾರೂ ಬೆಲೆ ಕೊಡಲ್ಲ.

ಪ್ರತಿವರ್ಷ ಅದೇ ಊರು, ಅದೇ ವಾರ ಅಂದ್ರೆ ಬೇಸರ ಬರುತ್ತಲ್ಲ, ಅದಕ್ಕೆ ಉತ್ತರವಾಗಿ ಬಂದದ್ದು ವಿನಿಮಯ. 1974ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಜಾನ್ ಮತ್ತು ಕ್ರಿಸ್ಟೆಲ್ ಡಿಹಾನ್ ದಂಪತಿ ಆರ್‌ಸಿಐ ಶುರುಮಾಡಿದರು. ನನ್ನ ವಾರ ನಿನಗೆ, ನಿನ್ನದು ಇನ್ನೊಬ್ಬರಿಗೆ. ಮುಂದೆ ವಾರಗಳ ಜಾಗಕ್ಕೆ ಪಾಯಿಂಟುಗಳೂ ಬಂದವು. ಭಾರತಕ್ಕೆ ಇದನ್ನು ತಂದವರಲ್ಲಿ ಸ್ಟರ್ಲಿಂಗ್ 1986ರದ್ದು, ಕ್ಲಬ್ ಮಹೀಂದ್ರ 1996ರದ್ದು. ಮಡಿಕೇರಿಯ ರೆಸಾರ್ಟಿಗೆ ಹೋಗಿಬಂದ ನೆಂಟರು ನಿಮಗೂ ಇರಬಹುದು. 25 ವರ್ಷದ ಸದಸ್ಯತ್ವ, ಸೀಸನ್ನಿಗೊಂದು ಬಣ್ಣ, ಜೊತೆಗೆ ವರ್ಷ ವರ್ಷ ಕಟ್ಟುವ ಶುಲ್ಕ.

ಆ ಶುಲ್ಕದಲ್ಲೇ ಇರೋದು ಆಂಟಿಯ ಸಂಕಟ. ನೀವು ಹೋಗಲಿ ಬಿಡಲಿ, ಲೆವಿ ಬರುತ್ತೆ. ವಾರವನ್ನು ಉಪ್ಪಿನಕಾಯಿ ಥರ ಭರಣಿಯಲ್ಲಿ ಹಾಕಿಡೋಕಾಗಲ್ಲ. ಭಾನುವಾರ ರಾತ್ರಿ ಕಳೆದರೆ ಅದು ಕೆಎಸ್‌ಆರ್‌ಟಿಸಿ ಬಸ್ಸಿನ ಖಾಲಿ ಸೀಟು. ಮಕ್ಕಳು ಚಿಕ್ಕವರಿದ್ದಾಗ ಅಂಕಲ್ ಆಸೆಪಟ್ಟು ಕೊಂಡಿದ್ದರು. ಈಗ ಮಕ್ಕಳು ಮೆಲ್ಬರ್ನ್‌ನಲ್ಲಿ. ಅಂಕಲ್ ಇಲ್ಲ. “ಬಿಲ್ ಮಾತ್ರ ಇನ್ನೂ ಅವರ ಹೆಸರಲ್ಲೇ ಬರತ್ತೆ” ಅಂದರು ಆಂಟಿ. ಮಾರಲು ನೋಡಿದ್ದಾರೆ, ಕೊಳ್ಳುವವರಿಲ್ಲ.

ಆಸ್ಟ್ರೇಲಿಯಾದ ಕಾನೂನು ಇದನ್ನು ನೋಡುವ ರೀತಿ ನನಗೆ ಇಷ್ಟವಾಯಿತು. 2001ರ ಕಾರ್ಪೊರೇಷನ್ಸ್ ಕಾಯ್ದೆಯಲ್ಲಿ ಟೈಮ್‌ಶೇರ್ ಒಂದು ಹಣಕಾಸು ಯೋಜನೆ. ಮಾರುವವರಿಗೆ ಹಣಕಾಸು ಸೇವೆಯ ಲೈಸೆನ್ಸ್ ಬೇಕು, ಮೇಲ್ವಿಚಾರಣೆ ಆಸಿಕ್‌ನದು. ಅಂದ್ರೆ ನೀವು ಬೀಚ್ ಮನೆ ಅಂದುಕೊಂಡದ್ದು ಕಾನೂನಿನ ಕಣ್ಣಿಗೆ ಮ್ಯೂಚುವಲ್ ಫಂಡಿನ ದಾಯಾದಿ. 2019ರ ಡಿಸೆಂಬರ್‌ನಲ್ಲಿ ಆಸಿಕ್ ಗ್ರಾಹಕರ ಅನುಭವಗಳ ವರದಿ ಹೊರತಂದಿತು. ಗಂಟೆಗಟ್ಟಲೆ ಒತ್ತಡ ಹಾಕಿ ಮಾರುವುದು, ಹೊರಬರಲು ಪಡುವ ಪಾಡು, ಎಲ್ಲ ಅದರಲ್ಲಿದೆ. ನಾನೂ ಹೆಂಡತಿಯೂ ಒಮ್ಮೆ ವೋಚರ್ ಆಸೆಗೆ ಅಂಥದ್ದೊಂದು ಸಭೆಯಲ್ಲಿ ಕೂತಿದ್ದೆವು. ನಾನು ಪೆನ್ನು ಕೈಗೆತ್ತಿಕೊಂಡಾಗಿತ್ತು. “ಬೇಡ ಅನ್ನಿಸಿದ್ರೆ ಇದನ್ನ ಯಾರಿಗೆ ಮಾರೋದು?” ಅಂತ ಅವಳು ಕೇಳಿದಳು. ಮಾರುವವನು ಇನ್ನೊಂದು ಕಾಫಿ ಬೇಕಾ ಅಂತ ಕೇಳಿದ.

ಹಾಗಾದರೆ ಮಾಲೀಕರಿಂದ ನೇರವಾಗಿ ಬಾಡಿಗೆಗೆ ಪಡೆಯೋದು ಲಾಭವೇ? ಹೌದು, ಆದರೆ ಅದರ ಅಡಿಪಾಯ ಪೂರ್ತಿ ನಂಬಿಕೆ. ರೆಸಾರ್ಟಿಗೆ ಗೊತ್ತಿರೋದು ಮಾಲೀಕರು ಮಾತ್ರ, ನೀವು ಅವರ ಅತಿಥಿ. ಅವರ ಲೆವಿ ಬಾಕಿಯಿದ್ದರೆ ನಿಮ್ಮ ಬುಕಿಂಗ್ ಬಿದ್ದುಹೋಗಬಹುದು. ಅದು ಅವರ ಸ್ವಂತ ವಾರವೋ, ವಿನಿಮಯದಲ್ಲಿ ಸಿಕ್ಕಿದ್ದೋ ಅಂತ ಮೊದಲೇ ಕೇಳಿ, ಯಾಕೆಂದರೆ ವಿನಿಮಯದ ವಾರವನ್ನು ಬಾಡಿಗೆಗೆ ಕೊಡಲು ಆರ್‌ಸಿಐ ಬಿಡಲ್ಲ. ಕೆಲವು ಕ್ಲಬ್ಬುಗಳು ಸ್ವಂತ ಪಾಯಿಂಟುಗಳಿಗೂ ನಿಯಮ ಹಾಕುತ್ತವೆ. ನಿಮ್ಮ ಹೆಸರು ಸೇರಿರುವ ದೃಢೀಕರಣ ಪತ್ರ ಕೈಗೆ ಬಂದಮೇಲೆ ರೆಸಾರ್ಟಿಗೆ ನೀವೇ ಫೋನ್ ಮಾಡಿ, ಆಮೇಲೆ ದುಡ್ಡು ಕೊಡಿ. ಇದನ್ನೆಲ್ಲ ಆಂಟಿಯನ್ನು ಕೇಳಲು ನನಗೆ ಸಂಕೋಚ. ಅವರಿಗೆ ಇರಲಿಲ್ಲ. ಲೆವಿ ಕಟ್ಟಿದ ರಸೀದಿಯನ್ನು ಅವರೇ ತಂದು ಮೇಜಿನ ಮೇಲಿಟ್ಟರು.

ವೆಸ್ಟ್‌ಮೀಡ್‌ನಿಂದ ಎರಡೂವರೆ ಗಂಟೆ ದಾರಿ. ಅಪ್ಪ ದುರ್ಬೀನು ಹಿಡಿದು ಬಾಲ್ಕನಿ ಬಿಟ್ಟು ಏಳಲಿಲ್ಲ; ತಿಮಿಂಗಿಲ ಕಂಡದ್ದು ನಾಲ್ಕನೇ ದಿನ. ವಾಪಸ್ ಬಂದು ಒಂದು ಡಬ್ಬಿ ಚಕ್ಕುಲಿ ಕೊಡಲು ಹೋದಾಗ ಆಂಟಿ ಕೇಳಿದ ಮೊದಲ ಪ್ರಶ್ನೆ, ಆ ಬಾಲ್ಕನಿಯ ನೀಲಿ ಕುರ್ಚಿಗಳು ಇನ್ನೂ ಇವೆಯಾ ಅಂತ. ಇದ್ದವು. “ಅಂಕಲ್‌ಗೆ ಅಲ್ಲೇ ಕೂತು ಪೇಪರ್ ಓದಬೇಕು” ಅಂದರು. ಆಮೇಲೆ ಡಬ್ಬಿ ಒಳಗಿಡುತ್ತಾ, ಮುಂದಿನ ವರ್ಷ ಬೇಕಿದ್ದರೆ ಕ್ರಿಸ್‌ಮಸ್ ಒಳಗೆ ಹೇಳಿಬಿಡು ಅಂದರು.