ಮೊಲ ತಿಂದೂ ಉಪವಾಸ

ಅಮೆರಿಕಾ, ಕೆನಡಾ ಕಡೆ ಜಿಂಕಿ ಮಾಂಸದ ಸಾಸೇಜ್ ಮಾಡೋವಾಗ ಅದಕ್ಕ ಹಂದಿ ಚರಬಿ ಬೆರಸತಾರ. ಕಾಡಿನ ಮಾಂಸ ಭಾಳ ಪೌಷ್ಟಿಕ ಅಂತಾರ, ಮತ್ತ ಹಂದಿ ಚರಬಿ ಯಾಕ್ರಿ? ಲೆಕ್ಕ ಹಿಂಗದ: 100 ಗ್ರಾಂ ಹಸಿ ಜಿಂಕಿ ಮಾಂಸದಾಗ ಪ್ರೋಟೀನ್ ಸುಮಾರು 23 ಗ್ರಾಂ, ಚರಬಿ ಎರಡೂವರಿ ಗ್ರಾಂ ಅಷ್ಟ. ಬರೇ ಅದನ್ನ ಕೊಚ್ಚಿ ಕರಳಿನ್ಯಾಗ ತುಂಬಿ ಬೇಯಿಸಿದ್ರ ಒಣಾ ಒಣಾ, ಬಿರುಸ ಆಗತದ. ನಮ್ಮ ಮನ್ಯಾಗ ಮಾಂಸ ಮಾಡೂದಿಲ್ಲ, ಆದ್ರ ಕಾದ ಎಣ್ಣಿ ಹಾಕದ ಚಕ್ಲಿ ಏನಾಗತದ ಅನ್ನೋದು ಗೊತ್ತದ.

ಇದು ಬರೇ ರುಚಿ ಮಾತಲ್ಲ, ಜೀವದ ಮಾತು. ಉತ್ತರ ಕೆನಡಾದ ಕಾಡಿನ್ಯಾಗ ಚಳಿಗಾಲಕ್ಕ ಮೊಲ ಬಿಟ್ಟು ಬ್ಯಾರೆ ಏನೂ ಸಿಗದವರು ಹೊಟ್ಟಿ ಬಿರಿಯಾ ತಿಂದರೂ ಹಸಿವು ಹಸಿವು ಅಂತಿದ್ರು. ಭೇದಿ, ತಲಿಶೂಲಿ, ನಿಶ್ಶಕ್ತಿ. ಅದಕ್ಕ ಇಂಗ್ಲಿಷಿನ್ಯಾಗ ಮೊಲದ ಉಪವಾಸ ಅಂತನ ಹೆಸರು ಬಿತ್ತು. ಚರಬಿ ಇಲ್ಲದ ಅಷ್ಟೊಂದು ಪ್ರೋಟೀನ್ ಅರಗಸೋದು ನಮ್ಮ ಪಿತ್ತಜನಕಾಂಗದ ಕೈಲೆ ಆಗೂದಿಲ್ಲ. ಸ್ಟೆಫಾನ್ಸನ್ ಅನ್ನೋ ಧ್ರುವಯಾತ್ರಿ 1928ರಾಗ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರಿಯೊಳಗ ಡಾಕ್ಟರ್ ಮುಂದನ ಬರೇ ಮಾಂಸ ತಿಂದು ತೋರಿಸಿದ. ಚರಬಿ ತಗದ ಮಾಂಸ ಕೊಟ್ಟಾಗ ಎರಡು ಮೂರು ದಿನದಾಗ ಮಲಗಿದ. ಚರಬಿ ಕೊಟ್ಟ ಮ್ಯಾಲೆ ಎದ್ದ.

ಆದ್ರ ಅಲ್ಲಿಯ ಹೆಣಮಕ್ಕಳಿಗೆ ಇದು ಯಾವಾಗೋ ಗೊತ್ತಿತ್ತು. ಬೈಸನ್ ಅನ್ನೋ ಕಾಡುದನದ ಮಾಂಸ ಎಳಿ ಎಳಿ ಕೊಯ್ದು ಒಣಗಿಸಿ, ಕುಟ್ಟಿ ಪುಡಿ ಮಾಡಿ, ಹೆಚ್ಚುಕಡಿಮಿ ಅಷ್ಟ ತೂಕದ ಕರಗಿಸಿದ ಚರಬಿ ಸುರಿದು, ಒಮ್ಮೊಮ್ಮೆ ಕಾಡಿನ ಹಣ್ಣೂ ಹಾಕಿ, ತೊಗಲಿನ ಚೀಲದಾಗ ಗಟ್ಟಿ ತುಂಬತಿದ್ರು. ಒಂದು ಚೀಲ ಸುಮಾರು 40 ಕಿಲೋ, ವರ್ಷಗಟ್ಟಲೆ ಕೆಡತಿರಲಿಲ್ಲ. ಕರಳಿನ ಬದಲಿ ತೊಗಲು, ಅಷ್ಟ ಫರಕು. ನನ್ನ ಕಣ್ಣಿಗೆ ಅದೂ ಸಾಸೇಜಿನ ಅಕ್ಕನ. ಹೆಸರು ಪೆಮ್ಮಿಕನ್. ಕ್ರೀ ಭಾಷಾದಾಗ ಪಿಮೀ ಅಂದ್ರ ಚರಬಿ. ಮಾಂಸಕ್ಕಲ್ಲ, ಚರಬಿಗೆ ಹೆಸರಿಟ್ಟಾರ ನೋಡ್ರಿ!

ತುಪ್ಪಳಿನ ವ್ಯಾಪಾರದ ದೋಣಿ ನಡಸೋವ್ರಿಗೆ ಇದ ಬುತ್ತಿ. 1814ರ ಜನವರಿಯಾಗ ರೆಡ್ ರಿವರ್ ವಸಾಹತಿನ ಗವರ್ನರ್ ಮೈಲ್ಸ್ ಮ್ಯಾಕ್‌ಡಾನೆಲ್, ತನ್ನ ಹೊಸ ಒಕ್ಕಲಿಗೆ ಊಟ ಸಾಲೂದಿಲ್ಲ ಅಂತ ಪೆಮ್ಮಿಕನ್ ಹೊರಗ ಒಯ್ಯೋದು ಬಂದ್ ಮಾಡಿದ. ಅದನ್ನ ಮಾರಿ ಬದುಕೋ ಮೇಟಿ ಜನ, ಅಂದ್ರ ಅಲ್ಲಿಯ ಮೂಲನಿವಾಸಿ ತಾಯಂದಿರಿಗೆ ಯುರೋಪಿನ ವ್ಯಾಪಾರಿಗಳಿಂದ ಹುಟ್ಟಿದ ಮಕ್ಕಳ ಪೀಳಿಗಿ, ಸುಮ್ಮನಿರಲಿಲ್ಲ. ಜಗಳ ಬೆಳಕೋತ ಹೋಗಿ 1816ರ ಜೂನ್ 19ಕ್ಕ ಸೆವೆನ್ ಓಕ್ಸ್‌ದಾಗ ಗುಂಡು ಹಾರಿ, ಮುಂದಿನ ಗವರ್ನರ್ ಸೆಂಪಲ್ ಸೇರಿ ಸುಮಾರು 20 ಮಂದಿ ಸತ್ರು.

1880ರ ದಶಕ ಮುಗಿಯೋದ್ರಾಗ ಬೈಸನ್ ಬೇಟಿಗೆ ಬಲಿಯಾಗಿ ಹೆಚ್ಚುಕಡಿಮಿ ಖಾಲಿ. ಈಗ ಆ ಸೀಮ್ಯಾಗ ಜಿಂಕಿ ಸಾಸೇಜಿಗೆ ಚರಬಿ ಹಂದಿದು, ಹತ್ತು ಪಾಲಿನ್ಯಾಗ ಎರಡು ಮೂರು ಪಾಲು.