ಎಳ್ಳಿನ ಹೆಸರಿನಿಂದ ಒಟಿಪಿಯವರೆಗೆ: ಗುಪ್ತಪದದ ಚರಿತ್ರೆ

ಪಾಸ್‌ವರ್ಡ್ ಎಂದು ನಾವಿಂದು ಕರೆಯುವ ಗುಪ್ತಪದದ ಎರಡು ದೌರ್ಬಲ್ಯಗಳೂ ಅಲಿಬಾಬಾನ ಕಥೆಯಲ್ಲಿಯೇ ಇವೆ. ಗುಹೆಯ ಬಾಗಿಲು ತೆರೆಯುತ್ತಿದ್ದುದು ಎಳ್ಳಿನ ಹೆಸರಿಗೆ. ಮರದ ಮೇಲಿದ್ದ ಅಲಿಬಾಬಾ ಅದನ್ನು ಕೇಳಿಸಿಕೊಂಡ. ಒಳಹೊಕ್ಕ ಅವನ ಅಣ್ಣ ಕಾಸಿಮ್ ಅದನ್ನೇ ಮರೆತು ಬೇರೆ ಧಾನ್ಯಗಳ ಹೆಸರನ್ನು ಕೂಗುತ್ತ ಪ್ರಾಣ ಕಳೆದುಕೊಂಡ. ಮರೆಯಬಾರದೆಂದು ಸುಲಭವಾದ ಪದವನ್ನು ಆರಿಸಿದರೆ ಪರರಿಗೂ ಅದು ಸುಲಭ.

ನಮ್ಮ ದೇರಾದ ವ್ಯಾಪಾರಿಗಳ ನಡುವೆ ಬಳಕೆಯಲ್ಲಿದ್ದ ಉಪಾಯ ಇದಕ್ಕಿಂತ ಜಾಣತನದ್ದು. ಹವಾಲಾ ವ್ಯವಹಾರ ಭಾರತದಲ್ಲಿ ಕಾನೂನುಬಾಹಿರ. ಆದರೆ ಅದರ ಗುರುತಿನ ಕ್ರಮ ಗಮನಾರ್ಹ. ಊರಿನಲ್ಲಿ ಹಣ ಪಡೆಯುವವನ ಕೈಯಲ್ಲಿನ ರೂಪಾಯಿ ನೋಟಿನ ಸಂಖ್ಯೆಯೇ ಗುಪ್ತಪದ. ಸಂಖ್ಯೆ ತಿಳಿದರೆ ಸಾಲದು, ಆ ನೋಟೇ ಕೈಯಲ್ಲಿರಬೇಕು. ಹಣ ಸಂದಾಯವಾದ ಬಳಿಕ ಆ ಸಂಖ್ಯೆ ನಿರುಪಯುಕ್ತ.

ಕಂಪ್ಯೂಟರು ಈ ವಿವೇಕವನ್ನು ಕಲಿತದ್ದು ತಡವಾಗಿ. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ, ಹಲವರು ಏಕಕಾಲಕ್ಕೆ ಬಳಸಬಹುದಾದ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ರೂಪಿಸಿತು. ಅದರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪಾಸ್‌ವರ್ಡ್. ಮರುವರ್ಷವೇ ಆಲನ್ ಶೆರ್ ಎಂಬ ಸಂಶೋಧಕರು ತಮಗೆ ಮಂಜೂರಾಗಿದ್ದ ಸಮಯ ಸಾಲದೆ ಪಾಸ್‌ವರ್ಡುಗಳ ಕಡತವನ್ನೇ ಮುದ್ರಿಸಿಕೊಂಡರು. 1966ರಲ್ಲಿ ಕಡತಗಳೆರಡು ಅದಲುಬದಲಾಗಿ, ಲಾಗಿನ್ ಆದವರೆಲ್ಲರ ಮುಂದೆ ಪ್ರತಿಯೊಬ್ಬರ ಪಾಸ್‌ವರ್ಡೂ ಅಚ್ಚಾಯಿತು.

1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 3,289 ಪಾಸ್‌ವರ್ಡುಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ 2,831 ತೀರ ಚಿಕ್ಕವು, ಇಲ್ಲವೇ ನಿಘಂಟಿನಲ್ಲೋ ಹೆಸರುಗಳ ಪಟ್ಟಿಯಲ್ಲೋ ಸಿಗುವಂಥವು. ವಿಧಿಯ ವ್ಯಂಗ್ಯವೆಂದರೆ, 1988ರ ನವೆಂಬರಿನಲ್ಲಿ ಅಂತರ್ಜಾಲವನ್ನು ತತ್ತರಿಸುವಂತೆ ಮಾಡಿದ ‘ಮಾರಿಸ್ ವರ್ಮ್’ ಅನ್ನು ಬರೆದವನು ಇದೇ ಮಾರಿಸರ ಮಗ. ಅದು ಹರಡಿದ ದಾರಿಗಳಲ್ಲಿ ಒಂದು, 432 ಪದಗಳ ಪಟ್ಟಿ ಹಿಡಿದು ಪಾಸ್‌ವರ್ಡ್ ಊಹಿಸುವುದು. 2009ರಲ್ಲಿ ರಾಕ್‌ಯೂ ಸಂಸ್ಥೆಯಿಂದ ಸೋರಿದ 3.2 ಕೋಟಿ ಪಾಸ್‌ವರ್ಡುಗಳಲ್ಲಿಯೂ ಅಗ್ರಸ್ಥಾನ 123456ಕ್ಕೆ. ಮೂವತ್ತು ವರ್ಷಗಳಲ್ಲಿ ಯಂತ್ರ ಬದಲಾಗಿತ್ತು, ಮನುಷ್ಯನ ಸ್ವಭಾವ ಬದಲಾಗಿರಲಿಲ್ಲ.

ಅದೇ 2009ರ ಆಗಸ್ಟಿನಿಂದ ಭಾರತೀಯ ರಿಸರ್ವ್ ಬ್ಯಾಂಕು ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೆಯ ದೃಢೀಕರಣವನ್ನು ಕಡ್ಡಾಯಗೊಳಿಸಿತು. ಮುಂದೆ ಮನೆಮಾತಾದ ಒಟಿಪಿ ಹಳೆಯ ನೋಟಿನ ಸಂಖ್ಯೆಯ ವಂಶದ್ದೇ: ಒಮ್ಮೆ ಮಾತ್ರ ಸಲ್ಲುತ್ತದೆ, ಫೋನು ಕೈಯಲ್ಲಿರಬೇಕು. ಅದನ್ನೂ ಮಾತಿನಲ್ಲಿ ಮರುಳುಮಾಡಿ ಕಸಿಯುವವರು ಹೆಚ್ಚಿದ್ದರಿಂದ, 2025ರ ಜುಲೈಯಿಂದ ಯುಎಇಯ ಬ್ಯಾಂಕುಗಳು ಎಸ್‌ಎಂಎಸ್ ಒಟಿಪಿಯನ್ನು ಹಂತಹಂತವಾಗಿ ಬಿಟ್ಟು ಆ್ಯಪ್ ಮೂಲಕ ದೃಢೀಕರಿಸತೊಡಗಿವೆ.

ಈ ಚರಿತ್ರೆ ನಮ್ಮ ಕುಟುಂಬಗಳಿಗೆ ದೂರದ್ದಲ್ಲ. ದುಡಿಮೆ ಇಲ್ಲಿ, ಉಳಿತಾಯ ಊರಿನ ಬ್ಯಾಂಕಿನಲ್ಲಿ, ಒಟಿಪಿ ಬರುವ ಸಿಮ್ ವಯಸ್ಸಾದ ತಂದೆತಾಯಿಯರ ಬಳಿ, ಪಾಸ್‌ವರ್ಡ್ ಮೊಮ್ಮಗಳ ಹೆಸರು. ಫೇಸ್‌ಬುಕ್ಕಿನಲ್ಲಿ ಹುಟ್ಟುಹಬ್ಬದ ಶುಭಾಶಯ ಓದಿದವರಿಗೂ ಆ ಹೆಸರು ಗೊತ್ತು. ಒಂದೇ ಪಾಸ್‌ವರ್ಡನ್ನು ಎಲ್ಲೆಡೆ ಬಳಸುವುದಂತೂ ಒಂದೇ ಸೂಜಿಯಿಂದ ಹಲವರಿಗೆ ಚುಚ್ಚಿದಂತೆ. ಒಂದೆಡೆಯ ಸೋಂಕು ಎಲ್ಲೆಡೆಗೂ ಹರಡುತ್ತದೆ. ವೈದ್ಯನಾಗಿ ನನಗೆ ಇದಕ್ಕಿಂತ ಸರಿಯಾದ ಹೋಲಿಕೆ ತೋಚದು.

ಪರಿಹಾರ ಕಷ್ಟವಲ್ಲ. ಚಿಹ್ನೆಗಳ ಕಸರತ್ತಿಗಿಂತ ಉದ್ದವೇ ಮುಖ್ಯವೆಂದು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲಿ ತನ್ನ ಮಾರ್ಗಸೂಚಿಯನ್ನು ತಿದ್ದಿತು. ಒನಕೆ, ಒಂಟೆ, ಹಪ್ಪಳ, ಲಂಗರು ಎಂಬಂತೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಜೋಡಿಸಿಕೊಳ್ಳಿ. ಇಲ್ಲಿ ಅಚ್ಚಾದವನ್ನು ಮಾತ್ರ ಬೇಡ. ಬ್ಯಾಂಕಿಗೆ ಒಂದು, ಇಮೇಲಿಗೆ ಇನ್ನೊಂದು ಇರಲಿ. ಈ ವಾರಾಂತ್ಯ ಊರಿಗೆ ಕರೆಮಾಡಿದಾಗ, ಬ್ಯಾಂಕಿನವರೆಂದು ಹೇಳಿಕೊಂಡು ಯಾರೇ ಕೇಳಿದರೂ ಒಟಿಪಿ ಹೇಳಬಾರದೆಂದು ಹಿರಿಯರಿಗೆ ನಿಧಾನವಾಗಿ, ಎರಡು ಸಲ ತಿಳಿಸಿ.