ಮೂರು ನಿಮಿಷದ ತಟ್ಟೆ, ಇಡೀ ಇರುಳಿನ ಕಚೇರಿ

ಕೃಷ್ಣೆ-ಮಲಪ್ರಭೆಯರು ಕೂಡುವ ಕೂಡಲಸಂಗಮದ ಹೆಸರನ್ನು ಬಸವಣ್ಣನವರ ಅಂಕಿತದಲ್ಲಿ ಕೇಳದವರಾರು? ಶರಣರ ವಚನಗಳನ್ನು ಹಿಂದುಸ್ತಾನಿ ರಾಗಗಳಲ್ಲಿ ಹಾಡಿ ಕಚೇರಿಗೆ ತಂದವರಲ್ಲಿ ಮಲ್ಲಿಕಾರ್ಜುನ ಮನಸೂರರು (೧೯೧೦–೧೯೯೨) ಪ್ರಮುಖರು. ಅವರು ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಗಾಯಕಿಯನ್ನೂ, ಬಳಿಕ ಮಂಜೀಖಾನ್, ಬುರ್ಜಿಖಾನ್ ಸೋದರರಲ್ಲಿ ಜೈಪುರ-ಅತ್ರೌಲಿ ಗಾಯಕಿಯನ್ನೂ ಕಲಿತರು.

ಮೊದಲ ದಿನಗಳ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಸುಮಾರು ಮೂರೇ ನಿಮಿಷ. ರಾಗ ಮೈದೋರುವಷ್ಟರಲ್ಲಿ ಮುಳ್ಳು ನಡುವಿಗೆ ಬಂದುಬಿಡುತ್ತಿತ್ತು. ಕಚೇರಿಗಳನ್ನೇ ಮುದ್ರಿಸತೊಡಗಿದ ಮೇಲೆ ರಾಗದ ನಿಧಾನ, ತಾನಿನ ಓಟ, ಕೇಳುಗರ ‘ಭಲೇ’ ಎಲ್ಲವೂ ಉಳಿದವು. ೧೯೫೦ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಗೆ ಅವರು ಸಂಗೀತ ಸಲಹೆಗಾರರೂ ಆಗಿದ್ದರು. ತಟ್ಟೆ ಅವರ ಕಂಠವನ್ನು ಉಳಿಸಿತು. ಕಚೇರಿಯ ಮುದ್ರಣ ಅವರ ವಿಚಾರವನ್ನೇ ಉಳಿಸಿತು. ಶ್ರೋತೃಗಳೇ, ಈ ಸುರುಳಿಗಳು ಹಾಳಾದರೆ ಮತ್ತೊಮ್ಮೆ ಹಾಡಿಸಲು ಅವರಿಲ್ಲ.